ಫ್ಲೈಟ್‌ಗಿಯರ್ ಬಳಗದ ನಡಾವಳಿ ಪುಸ್ತಕ

ಸಂಸ್ಥೆಯೊಂದರ ಚರಿತ್ರೆ ಬರೆಯಲು ಕೂತವರು ಮೊದಲು ಕೇಳುವುದು ನಡಾವಳಿ ಪುಸ್ತಕವನ್ನು. ಫ್ಲೈಟ್‌ಗಿಯರ್ ಎಂಬ ಮುಕ್ತ ತಂತ್ರಾಂಶದ ವಿಮಾನ ಸಿಮ್ಯುಲೇಟರ್ ಕಟ್ಟಿದ ಬಳಗದವರಲ್ಲಿ ಎಷ್ಟೋ ಮಂದಿ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಅವರ ನಡಾವಳಿ ಇರುವುದು ಕೋಡ್ ಇಟ್ಟ ರೆಪಾಸಿಟರಿಯಲ್ಲಿ. ಯಾರು, ಯಾವ ದಿನ, ಯಾವ ಸಾಲು ತಿದ್ದಿದರು, ಏಕೆ ತಿದ್ದಿದರು ಎಂಬುದೆಲ್ಲ ಅಲ್ಲಿದೆ.

1996ರ ಏಪ್ರಿಲ್‌ನಲ್ಲಿ ಡೇವಿಡ್ ಮರ್ ಇಟ್ಟ ಪ್ರಸ್ತಾವದಿಂದ ಕಥೆ ಶುರು. ಅಂಗಡಿಯಲ್ಲಿ ಸಿಗುತ್ತಿದ್ದ ಸಿಮ್ಯುಲೇಟರ್‌ಗಳನ್ನು ಕೊಂಡವರು ಅವುಗಳ ಒಳಗನ್ನು ತಿದ್ದುವಂತಿರಲಿಲ್ಲ. ಸ್ವಯಂಸೇವಕರೇ ಸೇರಿ ಒಂದನ್ನು ಕಟ್ಟಬೇಕು ಎಂಬುದು ಮರ್ ಅವರ ಆಸೆ. ಮೊದಲ ಪ್ರಯತ್ನ ನಡುವೆಯೇ ನಿಂತಿತು. ಅಮೆರಿಕದ ಕರ್ಟಿಸ್ ಓಲ್ಸನ್ ಓಪನ್‌ಜಿಎಲ್ ಎಂಬ ಗ್ರಾಫಿಕ್ಸ್ ಸಲಕರಣೆ ಬಳಸಿ ಕೆಲಸವನ್ನು ಹೊಸದಾಗಿ ಕೈಗೆತ್ತಿಕೊಂಡರು; 1997ರ ಜುಲೈನಲ್ಲಿ ಮೊದಲ ಬಿಡುಗಡೆ ಬಂತು. ವಿಮಾನ ಹೇಗೆ ಏರಬೇಕು, ಹೇಗೆ ವಾಲಬೇಕು ಎಂಬ ಲೆಕ್ಕಕ್ಕೆ ಆಗ ನಾಸಾದಲ್ಲಿ ಹುಟ್ಟಿದ ಲಾರ್ಕ್‌ಸಿಮ್ ಇತ್ತು. ಮುಂದೆ ಜಾನ್ ಬರ್ನ್ಟ್ ಆರಂಭಿಸಿದ ಜೆಎಸ್‌ಬಿಸಿಮ್, ಆಂಡಿ ರಾಸ್ ಬರೆದ ಯಾಸಿಮ್ ಸೇರಿಕೊಂಡವು.

ಆ ಕಾಲದ ರೆಪಾಸಿಟರಿ ಸಿವಿಎಸ್ ಎಂಬ ಆವೃತ್ತಿ ನಿಯಂತ್ರಣ ವ್ಯವಸ್ಥೆಯಲ್ಲಿತ್ತು. ಅದು ಪ್ರತಿ ಫೈಲಿಗೂ ಬೇರೆಬೇರೆ ಲೆಕ್ಕ ಇಡುತ್ತಿತ್ತು. ಫೈಲಿನ ಹೆಸರು ಬದಲಿಸಿದರೆ ಹಿಂದಿನ ಚರಿತ್ರೆಯ ಕೊಂಡಿ ತಪ್ಪುತ್ತಿತ್ತು. ಹತ್ತು ಫೈಲುಗಳ ತಿದ್ದುಪಡಿ ಸೇರಿಸುವಾಗ ನಡುವೆ ಸಂಪರ್ಕ ಕಡಿದರೆ ಐದು ಹೊಸದು, ಐದು ಹಳೆಯದು ಎಂಬ ಸ್ಥಿತಿ. ಇವೆಲ್ಲ ತಾಂತ್ರಿಕ ತೊಂದರೆಗಳು. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಹೆಸರಿನ ಪ್ರಶ್ನೆ. ಕಮಿಟ್ ಮಾಡುವ, ಅಂದರೆ ತಿದ್ದುಪಡಿಯನ್ನು ರೆಪಾಸಿಟರಿಗೆ ಸೇರಿಸುವ, ಅಧಿಕಾರ ಕೆಲವರಿಗಷ್ಟೇ ಇತ್ತು. ಉಳಿದವರು ತಮ್ಮ ತಿದ್ದುಪಡಿಯನ್ನು ಪ್ಯಾಚ್ ಆಗಿ ಕಳಿಸಬೇಕು, ಅಧಿಕಾರವಿದ್ದವರು ಅದನ್ನು ನೋಡಿ ಸೇರಿಸಬೇಕು. ದಾಖಲೆಯಲ್ಲಿ ನಮೂದಾಗುತ್ತಿದ್ದುದು ಸೇರಿಸಿದವರ ಹೆಸರು. ರಾತ್ರಿ ನಿದ್ದೆಗೆಟ್ಟು ಬರೆದವರ ಹೆಸರು, ಸೇರಿಸಿದವರು ನೆನಪಿಟ್ಟು ಟಿಪ್ಪಣಿಯಲ್ಲಿ ಹಾಕಿದರೆ ಮಾತ್ರ ಉಳಿಯುತ್ತಿತ್ತು.

2010ರಲ್ಲಿ ಬಳಗ ಸಿವಿಎಸ್ ಬಿಟ್ಟು ಗಿಟ್ ಎಂಬ ವ್ಯವಸ್ಥೆಗೆ ಬಂತು. ಗಿಟ್ ಬರೆದವರನ್ನೂ ಸೇರಿಸಿದವರನ್ನೂ ಬೇರೆಬೇರೆಯಾಗಿ ದಾಖಲಿಸುತ್ತದೆ. ಸಂಬಳವಿಲ್ಲದೆ ದುಡಿಯುವವರಿಗೆ ಸಲ್ಲುವ ಗೌರವ ಈ ಹೆಸರೊಂದೇ ಆಗಿರುವಾಗ ಇದು ಸಣ್ಣ ಮಾತಲ್ಲ. ಯಾರ ಅನುಮತಿಗೂ ಕಾಯದೆ ತಮ್ಮದೇ ಕವಲಿನಲ್ಲಿ (ಬ್ರಾಂಚ್) ಪ್ರಯೋಗ ಮಾಡುವುದೂ ಸಲೀಸಾಯಿತು. ನಿನ್ನೆ ಸರಿಯಾಗಿ ಇಳಿಯುತ್ತಿದ್ದ ವಿಮಾನ ಇವತ್ತು ರನ್‌ವೇ ಮೇಲೆ ಪುಟಿಯುತ್ತಿದ್ದರೆ, ಗಿಟ್‌ನ ಬೈಸೆಕ್ಟ್ ಆಜ್ಞೆಯಿಂದ ನಡುವಿನ ಕಮಿಟ್‌ಗಳನ್ನು ಅರ್ಧ, ಅದರಲ್ಲಿ ಅರ್ಧ ಎಂದು ಇಳಿಸುತ್ತ ಹೋಗಬಹುದು. ಸಾವಿರ ಕಮಿಟ್‌ಗಳಿದ್ದರೂ ಹತ್ತು ಪರೀಕ್ಷೆಗಳಲ್ಲಿ ತಪ್ಪು ಎಲ್ಲಿ ಹೊಕ್ಕಿತೆಂಬುದು ಸಿಗುತ್ತದೆ.

ಆದರೆ ಸಿಮ್ಯುಲೇಟರ್ ಎಂದರೆ ಬರೀ ಸಿ++ ಕೋಡ್ ಅಲ್ಲ. ವಿಮಾನದ ಮೂರು ಆಯಾಮದ ಮಾದರಿ, ಕಾಕ್‌ಪಿಟ್‌ನ ಚಿತ್ರಗಳು, ಎಂಜಿನ್ನಿನ ಸದ್ದು ಎಲ್ಲ ಬೇಕು. ಇವು ಎಫ್‌ಜಿಡೇಟಾ ಎಂಬ ರೆಪಾಸಿಟರಿಯಲ್ಲಿದ್ದವು. ಚಿತ್ರವೊಂದನ್ನು ಹತ್ತು ಸಲ ತಿದ್ದಿದರೆ ಗಿಟ್ ಹತ್ತೂ ಆವೃತ್ತಿಗಳನ್ನು ಕಾಪಿಡುತ್ತದೆ. ಕ್ಲೋನ್ ಮಾಡುವ, ಅಂದರೆ ರೆಪಾಸಿಟರಿಯ ಪ್ರತಿ ತೆಗೆದುಕೊಳ್ಳುವ, ಹೊಸಬರು ಸಾಮಾನ್ಯವಾಗಿ ಅಷ್ಟನ್ನೂ ಇಳಿಸಿಕೊಳ್ಳಬೇಕು. ನೂರಾರು ವಿಮಾನಗಳು ಸೇರಿದ ಮೇಲೆ ಅದು ಹಲವು ಗಿಗಾಬೈಟ್‌ಗಳಿಗೆ ಬೆಳೆಯಿತು. ಸೆಸ್ನಾ ಎಂಬ ಸಣ್ಣ ವಿಮಾನದ ಒಂದು ಮೀಟರಿನ ಮುಳ್ಳು ತಿದ್ದಬಯಸುವವರು ತಾವೆಂದೂ ಮುಟ್ಟದ ಜಂಬೋ ಜೆಟ್‌ಗಳ ಪೂರ್ವಚರಿತ್ರೆಯನ್ನೂ ಹೊರಬೇಕಾಗಿತ್ತು. ನಿಧಾನದ ಸಂಪರ್ಕವಿದ್ದವರಿಗೆ ಬಾಗಿಲು ಅಲ್ಲೇ ಮುಚ್ಚಿದಂತೆ.

ಬಳಗ ಆಗ ಕೈಗೊಂಡ ನಿರ್ಧಾರ ನನಗೆ ಬಹಳ ಮೆಚ್ಚುಗೆಯದು. ಕೋಡ್ ಗಿಟ್‌ನಲ್ಲೇ ಉಳಿಯಿತು. ಬಹುತೇಕ ವಿಮಾನಗಳು ಎಫ್‌ಜಿಆಡಾನ್ ಎಂಬ ಪ್ರತ್ಯೇಕ ರೆಪಾಸಿಟರಿಗೆ ಹೋದವು. ಅದಕ್ಕೆ ಆರಿಸಿಕೊಂಡದ್ದು ಗಿಟ್‌ಗಿಂತ ಹಳೆಯದಾದ ಸಬ್‌ವರ್ಷನ್ನನ್ನು. ಅದರಲ್ಲಿ ತಮಗೆ ಬೇಕಾದ ಒಂದೇ ವಿಮಾನದ ಫೋಲ್ಡರನ್ನು ಇಳಿಸಿಕೊಂಡು, ತಿದ್ದಿ, ಅದನ್ನಷ್ಟೇ ಕಮಿಟ್ ಮಾಡಬಹುದು. ಹೊಸ ಸಲಕರಣೆ ಬಿಟ್ಟು ಹಳೆಯದಕ್ಕೆ ಹೋಗುವುದು ಹಿಂಜರಿತವೆಂದು ಅವರು ಎಣಿಸಲಿಲ್ಲ. ವಿಮಾನ ಮಾಡುವವರಲ್ಲಿ ಪ್ರೋಗ್ರಾಮರ್‌ಗಳಲ್ಲದ ಕಲಾವಿದರೂ ಹಾರಾಟದ ಹುಚ್ಚಿನವರೂ ಇದ್ದರು. ಅವರ ಕೆಲಸಕ್ಕೆ ಒಗ್ಗುವುದು ಯಾವುದೋ ಅದೇ ಸರಿಯಾಯಿತು.

ಗಿಟ್ ರೆಪಾಸಿಟರಿಗಳಿದ್ದ ಗಿಟೋರಿಯಸ್ ಸೇವೆ 2015ರಲ್ಲಿ ನಿಂತುಹೋಯಿತು. ಬೇರೆ ಕಾಲದಲ್ಲಾಗಿದ್ದರೆ ದಾಖಲೆಯೇ ಕಳೆದುಹೋಗುವ ಭಯವಿರುತ್ತಿತ್ತು. ಆದರೆ ಕ್ಲೋನ್ ಮಾಡಿಕೊಂಡ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಇಡೀ ಚರಿತ್ರೆಯ ಪ್ರತಿಯಿತ್ತು. ಬಳಗ ಸೋರ್ಸ್‌ಫೋರ್ಜ್‌ಗೆ ನಡೆಯಿತು, ಮುಂದೆ ಗಿಟ್‌ಲ್ಯಾಬ್‌ಗೆ. ಹಳೆಯ ಕಮಿಟ್‌ಗಳೂ ಜೊತೆಯಲ್ಲೇ ಹೋದವು.

ಈಗಲೂ ಹೊಸ ಕೆಲಸವೆಲ್ಲ ಮೊದಲು ‘ನೆಕ್ಸ್ಟ್’ ಎಂಬ ಬ್ರಾಂಚಿಗೆ ಸೇರುತ್ತದೆ. ಬಿಡುಗಡೆಗೆಂದು ಬೇರೆ ಬ್ರಾಂಚ್ ಕವಲೊಡೆದ ಮೇಲೆ ಅದರೊಳಗೆ ದೋಷ ತಿದ್ದುವುದಕ್ಕೇ ಆದ್ಯತೆ. 2020.3 ಆವೃತ್ತಿಯನ್ನು ದೀರ್ಘಕಾಲದ ಬೆಂಬಲವುಳ್ಳದ್ದೆಂದು ಸಾರಿ, ಆ ಬ್ರಾಂಚನ್ನು ವರ್ಷಗಟ್ಟಲೆ ತಿದ್ದುತ್ತ ಬಂದರು. ಸ್ಥಿರವಾದುದನ್ನು ಬಯಸುವವರು ಅದನ್ನು ಹಾರಿಸಿದರು. ಹೊಸತನ್ನು ಪರೀಕ್ಷಿಸುವವರು ನೆಕ್ಸ್ಟ್ ಬ್ರಾಂಚನ್ನು ತಾವೇ ಕಂಪೈಲ್ ಮಾಡಿಕೊಂಡರು.