ಒರೆಗಲ್ಲಿಗೂ ಸಿಗದ ಕಲಬೆರಕೆ

ಲೋಹವನ್ನು ತಂಪು ಮಾಡಿದಷ್ಟೂ ಅದರಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ. ಪರಮಾಣುಗಳ ಕಂಪನ ಅಡಗಿ ಎಲೆಕ್ಟ್ರಾನುಗಳ ಹಾದಿ ಸುಗಮವಾಗುವುದೇ ಇದಕ್ಕೆ ಕಾರಣ. ಆದರೆ 1934ರಲ್ಲಿ ಹಾಲೆಂಡಿನ ಲೈಡನ್ ಪ್ರಯೋಗಾಲಯದಲ್ಲಿ ಚಿನ್ನ ಈ ನಿಯಮಕ್ಕೆ ಸೊಪ್ಪು ಹಾಕಲಿಲ್ಲ. ಡಿ ಹಾಸ್, ಡಿ ಬೋಯರ್ ಮತ್ತು ವಾನ್ ಡೆನ್ ಬರ್ಗ್ ಎಂಬ ಮೂವರು ಅದನ್ನು ಸೊನ್ನೆ ಸೆಲ್ಸಿಯಸ್‌ಗಿಂತ ಸುಮಾರು 269 ಡಿಗ್ರಿ ಕೆಳಕ್ಕೆ ಇಳಿಸಿದಾಗ, ಇಳಿಯುತ್ತಿದ್ದ ರೋಧ ಮತ್ತೆ ಏರತೊಡಗಿತು.

ಅಳತೆ ತಪ್ಪಿರಬೇಕೆಂದು ತಳ್ಳಿಹಾಕುವಂತಿರಲಿಲ್ಲ. ಹೀಲಿಯಂ ಅನಿಲ ಮೊದಲ ಬಾರಿಗೆ ದ್ರವವಾದದ್ದು (1908), ಅತಿವಾಹಕತೆ ಪತ್ತೆಯಾದದ್ದು (1911) ಅದೇ ಪ್ರಯೋಗಾಲಯದಲ್ಲಿ.

ಒಗಟು ಬಿಡಿಸಲು ಮೂವತ್ತು ವರ್ಷ ಹಿಡಿಯಿತು. ತಪ್ಪು ಚಿನ್ನದ್ದಲ್ಲ, ಅದರಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಬೆರೆತ ಕಬ್ಬಿಣದಂತಹ ಕಾಂತೀಯ ಪರಮಾಣುಗಳದ್ದು. ಅಕ್ಕಸಾಲಿಗನ ಒರೆಗಲ್ಲಿಗೂ ಸಿಗದ ಕಲಬೆರಕೆ! 1964ರಲ್ಲಿ ಟೋಕಿಯೊದ ಜುನ್ ಕೊಂಡೊ ಅದರ ಲೆಕ್ಕ ಬಿಡಿಸಿದರು. ಇಂಥ ಪ್ರತಿ ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. ಹಾದುಹೋಗುವ ಎಲೆಕ್ಟ್ರಾನೂ ಅಷ್ಟೇ. ಎದುರಾದಾಗ ಒಂದು ಇನ್ನೊಂದರ ದಿಕ್ಕು ತಿರುಗಿಸುತ್ತದೆ. ಶೀತ ಹೆಚ್ಚಿದಂತೆ ಈ ಸೆಣಸಾಟ ಬಲವಾಗಿ, ಎಲೆಕ್ಟ್ರಾನುಗಳು ಇನ್ನಷ್ಟು ಚದರುತ್ತವೆ.

ಆದರೆ ಈ ಲೆಕ್ಕದಲ್ಲೂ ಒಂದು ತೊಡಕಿತ್ತು. ಅದನ್ನು ನಂಬಿದರೆ ನಿರಪೇಕ್ಷ ಶೂನ್ಯದಲ್ಲಿ ರೋಧ ಅನಂತವಾಗಬೇಕು! ವಾಸ್ತವದಲ್ಲಿ ಸುತ್ತಲಿನ ಎಲೆಕ್ಟ್ರಾನುಗಳು ಆ ಪರಮಾಣುವನ್ನು ಮುತ್ತಿಕೊಂಡು ಅದರ ಕಾಂತತ್ವವನ್ನೇ ಮರೆಮಾಡುತ್ತವೆ. ಇದನ್ನು 1975ರಲ್ಲಿ ಲೆಕ್ಕದಿಂದ ಖಚಿತಪಡಿಸಿದವರು ಅಮೆರಿಕದ ಕೆನೆತ್ ವಿಲ್ಸನ್.

ಇಷ್ಟಾದರೂ ಅಳೆದದ್ದೆಲ್ಲ ಅಸಂಖ್ಯ ಪರಮಾಣುಗಳ ಒಟ್ಟು ವರ್ತನೆ. ಬಿಡಿ ಪರಮಾಣುವೊಂದರ ಸುತ್ತ ಈ ಮುತ್ತಿಗೆಯನ್ನು ಕಂಡವರಿರಲಿಲ್ಲ. ಜ್ಯೂರಿಕ್‌ನಲ್ಲಿ ಬಿನ್ನಿಗ್ ಮತ್ತು ರೋರರ್ 1981ರಲ್ಲಿ ರೂಪಿಸಿದ ಸ್ಕ್ಯಾನಿಂಗ್ ಟನಲಿಂಗ್ ಸೂಕ್ಷ್ಮದರ್ಶಕ ಆ ದಾರಿ ತೆರೆಯಿತು. ಲೋಹದ ಮೈಯನ್ನು ತಾಗದೆ ಅದರ ಮೇಲೆ ಚಲಿಸುವ ಸೂಜಿಮೊನೆ, ನಡುವೆ ನುಸುಳುವ ಅಲ್ಪ ವಿದ್ಯುತ್ತಿನಿಂದಲೇ ಅಲ್ಲಿನ ಪರಮಾಣುಗಳನ್ನು ಗುರುತಿಸುತ್ತದೆ. ಮದರಾಸಿನ ಐಐಟಿಯಲ್ಲಿ ಓದಿದ್ದ ವಿದ್ಯಾ ಮಾಧವನ್ ಮತ್ತು ಸಂಗಡಿಗರು 1998ರಲ್ಲಿ ಚಿನ್ನದ ಮೇಲೆ ಕುಳಿತ ಒಂಟಿ ಕೋಬಾಲ್ಟ್ ಪರಮಾಣುವಿನ ಮೇಲೆ ಸೂಜಿ ಹಿಡಿದು ಕೊಂಡೊ ಪರಿಣಾಮದ ಗುರುತನ್ನು ದಾಖಲಿಸಿದರು. ಮತ್ತೆ ಅದೇ ಚಿನ್ನ, ಲೈಡನ್ ಪ್ರಯೋಗವಾಗಿ 64 ವರ್ಷಗಳ ನಂತರ. ಅದೇ ವರ್ಷ ಇನ್ನೊಂದು ತಂಡ ಬೆಳ್ಳಿಯ ಮೇಲಿನ ಸೀರಿಯಂನಲ್ಲೂ ಇದನ್ನು ಕಂಡಿತು.

2000ದಲ್ಲಿ ಐಬಿಎಂನ ಮನೋಹರನ್, ಲುಟ್ಜ್ ಮತ್ತು ಐಗ್ಲರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತಾಮ್ರದ ಮೇಲೆ ಕೋಬಾಲ್ಟ್ ಪರಮಾಣುಗಳಿಂದ ಅಂಡಾಕಾರದ ಬೇಲಿ ಕಟ್ಟಿ, ಅದರ ಎರಡು ನಾಭಿಗಳಲ್ಲಿ ಒಂದರಲ್ಲಿ ಮಾತ್ರ ಇನ್ನೊಂದು ಕೋಬಾಲ್ಟ್ ಪರಮಾಣುವನ್ನು ಇಟ್ಟರು. ಬೇಲಿಗೆ ಬಡಿದು ಮರಳಿದ ಎಲೆಕ್ಟ್ರಾನ್ ಅಲೆಗಳು ಅದರ ಗುರುತನ್ನು ಇನ್ನೊಂದು ನಾಭಿಗೂ ಒಯ್ದವು. ಏನೂ ಇಲ್ಲದ ಆ ಜಾಗದಲ್ಲಿ, ತುಸು ಮಸುಕಾಗಿ, ಕೋಬಾಲ್ಟ್‌ನ ಬಿಂಬ ಕಾಣಿಸಿತು.