ಫಿರ್ಗಜ್‌ಗಾರ್: ಒಂದು ಎರವಲಿನ ಅರ್ಥಚರಿತ್ರೆ

ಮಂಗಳೂರು ಕೊಂಕಣಿಯಲ್ಲಿ ಒಂದು ಧರ್ಮಕೇಂದ್ರಕ್ಕೆ ಸೇರಿದ ಕಥೋಲಿಕನನ್ನು ‘ಫಿರ್ಗಜ್‌ಗಾರ್’ ಎನ್ನುತ್ತಾರೆ. ಈ ಪದಕ್ಕೆ ‘ಚರ್ಚಿಗೆ ಹೋಗುವವನು’ ಎಂದು ಅರ್ಥ ಕೊಟ್ಟು, ಪೋರ್ಚುಗೀಸ್ ಎರವಲೆಂದಷ್ಟೇ ಗುರುತಿಸಿದರೆ ಅದರ ಚರಿತ್ರೆಯ ಮುಖ್ಯ ಭಾಗವೇ ಕೈತಪ್ಪುತ್ತದೆ ಎಂಬುದು ನಮ್ಮ ವಾದ.

ಪೋರ್ಚುಗೀಸಿನ ‘ಫ್ರೆಗೇಶ್’ ಮತ್ತು ಸ್ಪ್ಯಾನಿಷಿನ ‘ಫೆಲಿಗ್ರೆಸ್’ ಪದಗಳೆರಡೂ ‘ಚರ್ಚಿನ ಮಗ’ ಎಂಬರ್ಥದ ಲ್ಯಾಟಿನ್ ಪದಪುಂಜದಿಂದ ಬಂದವೆಂಬ ಅಭಿಪ್ರಾಯವಿದೆ. ಈ ವ್ಯಕ್ತಿವಾಚಕಕ್ಕೆ ‘-ಇಯ’ ಪ್ರತ್ಯಯ ಸೇರಿ ‘ಫ್ರೆಗೆಜ಼ಿಯ’, ಎಂದರೆ ಧರ್ಮಕೇಂದ್ರ, ಸಿದ್ಧವಾಯಿತು. ಇಲ್ಲಿ ಜನ ಮೊದಲು, ಪ್ರದೇಶ ಅನಂತರ. ಮುಂದೆ ಈ ಜೋಡಿ ಚರ್ಚಿನ ಆವರಣವನ್ನು ದಾಟಿತು. ಇಂದು ‘ಫ್ರೆಗೇಶ್’ ಎಂದರೆ ಮುಖ್ಯವಾಗಿ ಅಂಗಡಿಯ ಗಿರಾಕಿ. ‘ಫ್ರೆಗೆಜ಼ಿಯ’ ಗಿರಾಕಿಗಳ ಸಮೂಹವನ್ನೂ ಪೋರ್ಚುಗಲ್ಲಿನ ಸ್ಥಳೀಯ ಆಡಳಿತದ ಅತಿ ಚಿಕ್ಕ ಘಟಕವನ್ನೂ ಸೂಚಿಸುತ್ತದೆ. ‘ಫೆಲಿಗ್ರೆಸ್’ ಮಾತ್ರ ಧಾರ್ಮಿಕಾರ್ಥದಲ್ಲಿಯೇ ನಿಂತಿತು. ಆದ್ದರಿಂದ ಈ ಅರ್ಥಪಲ್ಲಟವು ಅನಿವಾರ್ಯವಾಗಿರಲಿಲ್ಲ.

1510ರಲ್ಲಿ ಗೋವೆಯನ್ನು ಪೋರ್ಚುಗೀಸರು ವಶಪಡಿಸಿಕೊಂಡ ತರುವಾಯ ಚರ್ಚಿನ ಪರಿಭಾಷೆ ಕೊಂಕಣಿಯನ್ನು ಪ್ರವೇಶಿಸಿತು. ಗೋವೆಯಿಂದ ವಲಸೆ ಬಂದ ಕಥೋಲಿಕರೊಂದಿಗೆ ಕರಾವಳಿ ಕರ್ನಾಟಕಕ್ಕೂ ಬಂದಿತು. ‘ಇಗ್ರೇಜ’ವು ‘ಇಗರ್ಜ್’ ಆದಂತೆ ‘ಫ್ರೆಗೆಜ಼ಿಯ’ವು ‘ಫಿರ್ಗಜ್’ ಆಯಿತು: ಎರಡರಲ್ಲಿಯೂ ವ್ಯಂಜನಗುಚ್ಛ ಒಡೆದಿದೆ, ಪದಾಂತ್ಯದ ಸ್ವರ ಲೋಪವಾಗಿದೆ.

ಆದರೆ ‘ಫಿರ್ಗಜ್‌ಗಾರ್’ ಪದವು ‘ಫ್ರೆಗೇಶ್’ನ ರೂಪಾಂತರವಲ್ಲ. ಅದು ‘ಫಿರ್ಗಜ್’ ಎಂಬ ಎರವಲಿಗೆ ‘-ಗಾರ್’ ಪ್ರತ್ಯಯ ಸೇರಿ ಕೊಂಕಣಿಯಲ್ಲಿಯೇ ರಚಿತವಾದ ಪದ. ಸಾಧನೆಯ ದಿಕ್ಕು ಇಲ್ಲಿ ತಿರುಗಿದೆ: ಪ್ರದೇಶ ಮೊದಲು, ವ್ಯಕ್ತಿ ಅನಂತರ. ಕೊಂಕಣಿ ಸ್ವೀಕರಿಸಿದ್ದು ಮೂಲಪದದ ಚರ್ಚುಸಂಬಂಧಿ ಅರ್ಥವನ್ನಷ್ಟೇ. ವ್ಯಕ್ತಿವಾಚಕವು ಆ ಅರ್ಥದ ಮೇಲೆಯೇ ನಿಂತದ್ದರಿಂದ ಗಿರಾಕಿಯ ಅರ್ಥಕ್ಕೆ ಎಡೆಯಾಗಲಿಲ್ಲ.

ಬಳಕೆಯೂ ಇದನ್ನೇ ಸಮರ್ಥಿಸುತ್ತದೆ. ಪೂಜೆಗೆ ತಪ್ಪಿಸಿಕೊಳ್ಳುವವನೂ ತನ್ನ ಚರ್ಚಿನ ಫಿರ್ಗಜ್‌ಗಾರನೇ. ಪರವೂರಿನಿಂದ ಬಂದು ಪೂಜೆಯಲ್ಲಿ ಪಾಲ್ಗೊಂಡವನು ಆ ಚರ್ಚಿನ ಫಿರ್ಗಜ್‌ಗಾರನಲ್ಲ. ಪದದ ತಿರುಳು ಹಾಜರಿಯಲ್ಲ, ಸದಸ್ಯತ್ವ. ಆದುದರಿಂದ ನಿಘಂಟುಗಳು ‘ಫಿರ್ಗಜ್’ ಅನ್ನು ಎರವಲೆಂದೂ ‘ಫಿರ್ಗಜ್‌ಗಾರ್’ ಅನ್ನು ಕೊಂಕಣಿಯ ಸಾಧಿತ ಪದವೆಂದೂ ಬೇರೆ ಬೇರೆಯಾಗಿ ನಮೂದಿಸುವುದು ಯುಕ್ತ. ಎರಡನ್ನೂ ಪೋರ್ಚುಗೀಸಿನ ಲೆಕ್ಕಕ್ಕೆ ಬರೆದರೆ ಎರವಲು ಪಡೆದ ಭಾಷೆಯ ಸ್ವಂತ ರಚನಾಶಕ್ತಿ ದಾಖಲೆಯಿಂದಲೇ ಮರೆಯಾಗುತ್ತದೆ.