ಶಿಲುಬೆಯ ಮೇಲಿನ ದೇಹ

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ ಕಾಮಗೆರೆ ಸಿಗುತ್ತದೆ. ಅಲ್ಲಿನ ಹೋಲಿಕ್ರಾಸ್ ಆಸ್ಪತ್ರೆ ಈ ಸೀಮೆಗೆಲ್ಲ ಪರಿಚಿತ. ಹನೂರು ದಾಟಿ ಮುಂದೆ ಹೋದರೆ ಮಾರ್ಟಳ್ಳಿ, ಸಂದನಪಾಳ್ಯದಂಥ ಊರುಗಳಲ್ಲಿ ಕಥೋಲಿಕರು ಹೆಚ್ಚು. ಕಥೋಲಿಕ ಚರ್ಚಿನ ಬಲಿಪೀಠದ ಬಳಿ ಇರುವ ಶಿಲುಬೆಯಲ್ಲಿ ಮೊಳೆ ಹೊಡೆಸಿಕೊಂಡ, ತಲೆ ಬಾಗಿದ ಯೇಸುವಿನ ದೇಹವಿರುತ್ತದೆ. ಬಹುಪಾಲು ಪ್ರಾಟೆಸ್ಟಂಟ್ ಚರ್ಚುಗಳಲ್ಲಿ ಶಿಲುಬೆ ಖಾಲಿ. ಸತ್ತವನು ಎದ್ದು ಬಂದ ಎಂಬುದಕ್ಕೆ ಅಲ್ಲಿ ಒತ್ತು. ಪುನರುತ್ಥಾನವನ್ನು ಕಥೋಲಿಕರೂ ಅಷ್ಟೇ ನಂಬುತ್ತಾರೆ. ಆದರೂ ಅವರು ದೇಹವನ್ನು ಕೆಳಗಿಳಿಸಲಿಲ್ಲ. ಏಕೆ?

ಶಿಲುಬೆ ಎಂಬ ಮಾತಿನ ಮೂಲ ಸಿರಿಯಾಕ್ ಭಾಷೆಯ 'ಸ್ಲೀಬಾ'. ಪಶ್ಚಿಮ ಏಷ್ಯಾದಿಂದ ಕೇರಳದ ಕರಾವಳಿಗೆ ಬಂದ ಕ್ರೈಸ್ತರ ಭಾಷೆಯಿಂದ ಅದು ದಕ್ಷಿಣದ ನುಡಿಗಳಿಗೆ ಹರಿಯಿತು. ಆ ವಸ್ತು ಮಾತ್ರ ಮೊದಲು ಪವಿತ್ರವಾಗಿರಲಿಲ್ಲ. ರೋಮನ್ನರು ಗುಲಾಮರಿಗೂ ದಂಗೆಕೋರರಿಗೂ ಮೀಸಲಿಟ್ಟಿದ್ದ ಶಿಕ್ಷೆ ಅದು. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸ್‌ನ ದಂಗೆ ಅಡಗಿದ ಮೇಲೆ ಸುಮಾರು 6,000 ಗುಲಾಮರನ್ನು ಕಾಪುವಾದಿಂದ ರೋಮ್‌ವರೆಗಿನ ರಸ್ತೆಯುದ್ದಕ್ಕೂ ಶಿಲುಬೆಗೇರಿಸಿದರು. ಕೊಲ್ಲುವುದರ ಜೊತೆಗೆ ನಾಲ್ಕು ಜನರೆದುರು ಮಾನ ಕಳೆಯುವುದೂ ಅದರ ಉದ್ದೇಶ.

ಆ ಅವಮಾನದ ನೆನಪು ಮಾಸುವವರೆಗೆ ಕ್ರೈಸ್ತರು ಶಿಲುಬೆಗೇರಿದ ಯೇಸುವನ್ನು ಚಿತ್ರಿಸಿದ್ದು ತೀರಾ ಕಡಿಮೆ. ರೋಮ್‌ನ ಸಾಂತಾ ಸಬೀನಾ ಚರ್ಚಿನ ಮರದ ಬಾಗಿಲಿನ ಮೇಲೆ 5ನೇ ಶತಮಾನದ ಕೆತ್ತನೆಯೊಂದಿದೆ. ಅಲ್ಲಿ ಯೇಸು ಕಣ್ಣು ತೆರೆದೇ ಇದ್ದಾನೆ. 10ನೇ ಶತಮಾನದ ಕಲೋನ್ ನಗರದ ಗೆರೋ ಶಿಲುಬೆಯಲ್ಲಾದರೋ ಕಣ್ಣು ಮುಚ್ಚಿದೆ, ದೇಹ ಜೋತುಬಿದ್ದಿದೆ. ಪೂಜೆಯಲ್ಲಿ ನಡೆಯುವುದು ಶಿಲುಬೆಯ ಮೇಲಿನ ಅದೇ ಬಲಿ ಎಂದು 1562ರಲ್ಲಿ ಟ್ರೆಂಟ್ ಮಹಾಸಭೆ ಸಾರಿತು. ಬಲಿಪೀಠದ ಬಳಿ ದೇಹ ಇರುವುದು ಅದಕ್ಕೇ. ಕಥೋಲಿಕರಿಗೆ ಆ ಸಾವು ಮುಗಿದುಹೋದ ಸುದ್ದಿಯಲ್ಲ.

ಕನ್ನಡ ಕ್ರೈಸ್ತರು ಇದನ್ನು ಯೇಸುವಿನ 'ಪಾಡು' ಎನ್ನುತ್ತಾರೆ. ಪಡಬಾರದ ಪಾಡು ಪಟ್ಟವರ ಕಥೆ ಈ ಸೀಮೆಗೆ ಹೊಸದೇನಲ್ಲ. ಕೊಳ್ಳೇಗಾಲ, ಯಳಂದೂರು ಕಡೆ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಗುರುವಿನ ಅಪ್ಪಣೆಯಂತೆ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹಲಗೂರಿಗೆ ಹೋಗಿ ಪಾಂಚಾಳರಿಂದ ಚಿತ್ರಹಿಂಸೆ ಅನುಭವಿಸುತ್ತಾನೆ. ಆದರೆ ಅವನು ಪವಾಡ ಗೆದ್ದು ಬರುತ್ತಾನೆ, ಚಿಕ್ಕಲ್ಲೂರಿನಲ್ಲಿ ನೆಲೆಸುತ್ತಾನೆ. ಶಿಲುಬೆಯ ಮೇಲಿನವನು ಅಲ್ಲೇ ಸಾಯುತ್ತಾನೆ. ಗೆಲುವಿಗೆ ಮುಂಚಿನ, ಸೋಲಿನಂತೆಯೇ ಕಾಣುವ ಆ ಗಳಿಗೆಯನ್ನೇ ಕಥೋಲಿಕರು ಎತ್ತಿ ಹಿಡಿಯುತ್ತಾರೆ.

ಈ ಗುರುತು ಮೈಸೂರು ಸೀಮೆಗೆ ಬಂದಾಗ ಅದರ ಅರ್ಥ ಪರೀಕ್ಷೆಗೆ ಒಳಗಾಯಿತು. 17ನೇ ಶತಮಾನದ ನಡುವಿನಲ್ಲಿ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದ. ಮಧುರೆಯಲ್ಲಿ ರಾಬರ್ಟೊ ದೆ ನೊಬಿಲಿ ಹಾಕಿಕೊಟ್ಟಿದ್ದ ದಾರಿಯಲ್ಲೇ ಸಂನ್ಯಾಸಿಯ ಉಡುಗೆ ತೊಟ್ಟ. ಮೇಲುಜಾತಿಯವರನ್ನು ಒಲಿಸಿಕೊಳ್ಳಲು ಹೊರಟ ಈ ಮಾರ್ಗದಲ್ಲಿ ಅಸ್ಪೃಶ್ಯರೆನಿಸಿದವರ ಮನೆಗೆ ಗುರುಗಳು ಕಾಲಿಡುವುದು ಕಷ್ಟವಾಯಿತು. ಪಾಂಡಿಚೇರಿಗೆ ಬಂದಿದ್ದ ಪೋಪರ ಪ್ರತಿನಿಧಿ ತೂರ್ನೋ 1704ರಲ್ಲಿ, ಕಾಯಿಲೆ ಬಿದ್ದ ಅಂಥವರ ಮನೆಯೊಳಗೇ ಹೋಗಿ ಸಂಸ್ಕಾರ ಕೊಡಬೇಕೆಂದು ಮಧುರೆ, ಮೈಸೂರು, ಕರ್ನಾಟಿಕ್ ಮಿಷನ್‌ಗಳಿಗೆ ಕಟ್ಟಪ್ಪಣೆ ಮಾಡಿದ. ವಾದ 40 ವರ್ಷ ಎಳೆಯಿತು. 1744ರಲ್ಲಿ ಪೋಪ್ 14ನೇ ಬೆನೆಡಿಕ್ಟ್ ಅದನ್ನು ಮುಗಿಸಿದಾಗ, ಅಸ್ಪೃಶ್ಯರೆನಿಸಿದವರಿಗೆಂದೇ ಬೇರೆ ಗುರುಗಳನ್ನು ನೇಮಿಸುವ ಏರ್ಪಾಡಿಗೆ ಒಪ್ಪಿಗೆ ಸಿಕ್ಕಿತು. ಗುಲಾಮನ ಸಾವು ಸತ್ತವನ ದೇಹಕ್ಕೆ ಮುತ್ತಿಡುವ ಗುರುವಿಗೆ, ಊರಾಚೆಯ ಗುಡಿಸಲಿನ ಹೊಸ್ತಿಲು ದಾಟುವುದು ಅಷ್ಟು ಭಾರವಾಗಿತ್ತು.

ಈ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. 2016ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ದಲಿತರ ಕುರಿತ ತನ್ನ ನೀತಿಯಲ್ಲಿ, ಧರ್ಮಸಭೆಯೊಳಗೇ ಜಾತಿತಾರತಮ್ಯ ಉಳಿದಿದೆ ಎಂದು ಒಪ್ಪಿಕೊಂಡಿತು.

ಶುಭ ಶುಕ್ರವಾರದ ಆರಾಧನೆಯಲ್ಲಿ ಭಕ್ತರು ಸಾಲಾಗಿ ಬಂದು ಒಂದೇ ಶಿಲುಬೆಯ ಪಾದಕ್ಕೆ ಮುತ್ತಿಡುತ್ತಾರೆ. ದೇಹವಿಲ್ಲದ ಶಿಲುಬೆಯನ್ನು ಗೆಲುವಿನ ಬಾವುಟದಂತೆ ಹಿಡಿದು ಯಾರಾದರೂ ಮೆರೆಯಬಹುದು. ದೇಹವಿರುವ ಶಿಲುಬೆಯ ಮುಂದೆ ಅದು ಸಲೀಸಲ್ಲ. ಊರವರು ಹೊರಗಿಟ್ಟು ಕೊಂದವನ ಮೈ ಅಲ್ಲಿ ಕಣ್ಣೆದುರಿಗಿದೆ. ಅದಕ್ಕೆ ಮುತ್ತಿಟ್ಟ ತುಟಿ, ಪಕ್ಕದ ಕೇರಿಯವನನ್ನು ಮಾತಾಡಿಸದೆ ಮನೆಗೆ ಹೋದರೆ ಆ ಆರಾಧನೆ ಅರ್ಧಕ್ಕೇ ನಿಂತ ಹಾಗೆ.